ಸಿಗ್ವಿನ್: ಮೇಲಿನ ಫೋಲ್ಡರಿನಿಂದ ಬಂದ ಪರ್ಮಿಶನ್ ಸರಿಪಡಿಸುವುದು ಹೇಗೆ?

ವಿಂಡೋಸ್‌ನಲ್ಲೇ ಯುನಿಕ್ಸ್ ಕಮಾಂಡು ಓಡಿಸಲು ಸಿಗ್ವಿನ್ ಹಾಕಿಕೊಂಡಿದ್ದೀರಾ? ಹಾಗಾದರೆ ಇದನ್ನು ನೋಡಿಯೇ ಇರುತ್ತೀರಿ. ಎಕ್ಸ್‌ಪ್ಲೋರರ್‌ನಲ್ಲಿ ಮಾಡಿದ ಫೋಲ್ಡರಿನಲ್ಲಿ ಒಂದು ನೋಟ್‌ಪ್ಯಾಡ್ ಫೈಲು ಇಟ್ಟು, ಪರ್ಮಿಶನ್ (ಹಕ್ಕು) ತೋರಿಸುವ ‘ಎಲ್‌ಎಸ್ -ಎಲ್’ ಕಮಾಂಡು ಕೊಟ್ಟರೆ ‘ಆರ್‌ಡಬ್ಲ್ಯುಎಕ್ಸ್’, ಅಂದರೆ ಓದುವ, ಬರೆಯುವ, ಓಡಿಸುವ ಹಕ್ಕು, ಅಂತ ಬರುತ್ತದೆ. ದಿನಸಿ ಪಟ್ಟಿಗೆ ಪ್ರೋಗ್ರಾಮಿನ ಹಾಗೆ ಓಡುವ ಹಕ್ಕು ಯಾಕೆ ಬೇಕು? ಹಕ್ಕು ಬದಲಿಸುವ ‘ಸಿಎಚ್‌ಮಾಡ್ 644’ (ಮಾಲೀಕರು ಓದಿ ಬರೆಯಬಹುದು, ಉಳಿದವರು ಓದಬಹುದು ಅಷ್ಟೇ) ಕೊಟ್ಟು ಸರಿ ಮಾಡುತ್ತೀರಿ. ಮುಂದಿನ ಫೈಲಿನದೂ ಅದೇ ಕಥೆ.

ತಪ್ಪು ಫೈಲಿನದಲ್ಲ, ಅದರ ಮೇಲಿನ ಫೋಲ್ಡರಿನದು. ಯಾರಿಗೆ ಏನು ಹಕ್ಕು ಎಂಬ ಪಟ್ಟಿಯನ್ನು ವಿಂಡೋಸ್ ಪ್ರತಿ ಫೋಲ್ಡರಿಗೂ ಇಟ್ಟಿರುತ್ತದೆ. ಅದರಲ್ಲಿ ಕೆಲವು ಹಕ್ಕು ಪಿತ್ರಾರ್ಜಿತ ಆಸ್ತಿಯಂತೆ ಕೆಳಗಿನವಕ್ಕೂ ಇಳಿಯುತ್ತವೆ. ‘ಫುಲ್ ಕಂಟ್ರೋಲ್’ ಇಳಿದರೆ ಓಡಿಸುವ ಹಕ್ಕೂ ಜೊತೆಗೇ ಬಂತು.

ಮೊದಲು ಪಹಣಿ ನೋಡಿ. ‘ಎಲ್‌ಎಸ್ -ಎಲ್’ ಸಾಲಿನಲ್ಲಿ ಪರ್ಮಿಶನ್ ಅಕ್ಷರಗಳ ಕೊನೆಗೆ ಒಂದು ಸಣ್ಣ ‘+’ ಇದೆಯಾ? ಇದ್ದರೆ ಅಲ್ಲಿ ಕಾಣದ ಹಕ್ಕುದಾರರು ಇನ್ನೂ ಇದ್ದಾರೆ ಅಂತ ಅರ್ಥ. ಫೋಲ್ಡರಿನ ಹೆಸರು ಸೇರಿಸಿ ‘ಗೆಟ್‌ಎಫ್‌ಎಸಿಎಲ್’ ಕೊಡಿ. ‘ಡಿಫಾಲ್ಟ್’ ಎಂದು ಶುರುವಾಗುವ ಸಾಲುಗಳೇ ಹೊಸ ಫೈಲುಗಳಿಗೆ ಇಳಿಯುವಂಥವು. (ಕಮಾಂಡುಗಳನ್ನೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲೇ ಟೈಪ್ ಮಾಡಿ.)

ಈಗ ಒಂದು ತೀರ್ಮಾನ ಮಾಡಬೇಕು: ಈ ಫೋಲ್ಡರ್ ಯಾರದು?

ಸಿಗ್ವಿನ್ ಮಾತ್ರ ಬಳಸುವುದಾದರೆ ಫೋಲ್ಡರಿಗೆ ‘ಸೆಟ್‌ಎಫ್‌ಎಸಿಎಲ್ -ಕೆಬಿ’ ಕೊಡಿ. ‘ಕೆ’ ಡಿಫಾಲ್ಟ್ ಸಾಲುಗಳನ್ನು ತೆಗೆಯುತ್ತದೆ, ‘ಬಿ’ ಹೆಚ್ಚುವರಿ ಹಕ್ಕುದಾರರನ್ನು. ಒಳಗಿನ ಹಳೇ ಫೈಲುಗಳು ತಾವಾಗಿ ಬದಲಾಗುವುದಿಲ್ಲ, ಅವಕ್ಕೆ ಬೇರೆಯಾಗಿ ‘-ಬಿ’ ಕೊಡಬೇಕು. ಆಮೇಲೆ ಸಿಎಚ್‌ಮಾಡ್‌ನಿಂದ ಫೋಲ್ಡರಿಗೆ 755, ಫೈಲಿಗೆ 644.

ವಿಂಡೋಸ್ ಪ್ರೋಗ್ರಾಮುಗಳೂ ಅಲ್ಲೇ ಫೈಲು ಬರೆಯುತ್ತವಾ? ಹಾಗಿದ್ದರೆ ಮೇಲಿನದು ಬೇಡ. ಇಳಿಯುವ ಹಕ್ಕೇ ಇಲ್ಲದಿದ್ದರೆ ವಿಂಡೋಸ್ ಮಾಡುವ ಹೊಸ ಫೈಲನ್ನು ಅದೇ ಕಂಪ್ಯೂಟರಿನ ಇನ್ನೊಂದು ಅಕೌಂಟಿನವರು ತೆರೆಯಲಾಗದೆ ಒದ್ದಾಡಬಹುದು. ಇಂಥ ಕಡೆ ನನ್ನ ಆಯ್ಕೆ ‘ನೋಎಸಿಎಲ್’. ಸಿಗ್ವಿನ್‌ನ ‘ಇಟಿಸಿ’ ಫೋಲ್ಡರಿನ ಒಳಗಿನ ‘ಎಫ್‌ಎಸ್‌ಟ್ಯಾಬ್’ ಎಂಬ ಸೆಟ್ಟಿಂಗ್ ಫೈಲು ತೆರೆಯಿರಿ. ವಿಂಡೋಸ್ ಡ್ರೈವುಗಳಿಗೆ ಸೇರಿದ ‘ಸಿಗ್‌ಡ್ರೈವ್’ ಸಾಲಿನಲ್ಲಿ ‘ಬೈನರಿ’ ಆದಮೇಲೆ ಅಲ್ಪವಿರಾಮ ಹಾಕಿ ‘ನೋಎಸಿಎಲ್’ ಸೇರಿಸಿ, ನಡುವೆ ಜಾಗ ಬಿಡಬೇಡಿ. ಸಿಗ್ವಿನ್ ಕಿಟಕಿಗಳನ್ನೆಲ್ಲ ಮುಚ್ಚಿ ಮತ್ತೆ ತೆರೆದು, ‘ಮೌಂಟ್’ ಕೊಟ್ಟು ಖಾತ್ರಿ ಮಾಡಿಕೊಳ್ಳಿ. ಇನ್ನು ಆ ಡ್ರೈವುಗಳಲ್ಲಿ ಸಿಗ್ವಿನ್ ವಿಂಡೋಸ್ ಪಟ್ಟಿಗೆ ಕೈ ಹಾಕುವುದಿಲ್ಲ. ಆದರೆ ಅಲ್ಲಿ ಸಿಎಚ್‌ಮಾಡ್ 600 (ಮಾಲೀಕರಿಗೆ ಮಾತ್ರ ಓದುವ, ಬರೆಯುವ ಹಕ್ಕು) ಕೊಟ್ಟರೂ ಸುಮ್ನೆ. ಅದಕ್ಕೇ ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ಪ್ರೋಗ್ರಾಮು) ಕೀ ಫೈಲನ್ನು ಸಿಗ್ವಿನ್‌ನ ಹೋಮ್ ಫೋಲ್ಡರಿನಲ್ಲೇ ಇಡಿ.

ಫೋಲ್ಡರಿನ ಸೆಕ್ಯುರಿಟಿ ಟ್ಯಾಬ್ ತೆರೆದಾಗ, ಪರ್ಮಿಶನ್‌ಗಳ ಕ್ರಮ ಸರಿಯಿಲ್ಲ ಎಂದು ಎಕ್ಸ್‌ಪ್ಲೋರರ್ ಎಚ್ಚರಿಸುವುದುಂಟು. ಗಾಬರಿ ಬೇಡ. ಸಿಗ್ವಿನ್ ಬೇಕೆಂದೇ ಆ ಕ್ರಮದಲ್ಲಿ ಬರೆದಿರುತ್ತದೆ. ಕ್ಯಾನ್ಸಲ್ ಒತ್ತಿ ಹೊರಗೆ ಬನ್ನಿ.

ಎಲ್ಲ ಕಲಸುಮೇಲೋಗರ ಆಗಿದ್ದರೆ ವಿಂಡೋಸ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಐಸಿಎಸಿಎಲ್‌ಎಸ್’, ಫೋಲ್ಡರ್ ಹೆಸರು, ‘/ರೀಸೆಟ್ /ಟಿ’ ಕೊಡಿ. ಒಳಗಿನದಕ್ಕೆಲ್ಲ ಮತ್ತೆ ಮೇಲಿನಿಂದ ಇಳಿಯುವ ಹಕ್ಕುಗಳೇ ಬರುತ್ತವೆ. ಎಂಟರ್ ಒತ್ತುವ ಮುಂಚೆ ಫೋಲ್ಡರಿನ ಹೆಸರು ಎರಡು ಸಲ ಓದಿ. ನಾನು ಒಮ್ಮೆ ಅವಸರದಲ್ಲಿ ಹೋಮ್ ಫೋಲ್ಡರಿಗೇ ಕೊಟ್ಟುಬಿಟ್ಟೆ. ನಿಮ್ಮ ಕೀ ಎಲ್ಲರಿಗೂ ತೆರೆದಿದೆ ಎಂದು ಎಸ್‌ಎಸ್‌ಎಚ್ ಲಾಗಿನ್ನಿಗೇ ಬಿಡಲಿಲ್ಲ. ಕೀ ಫೈಲಿಗೆ ‘ಸೆಟ್‌ಎಫ್‌ಎಸಿಎಲ್ -ಬಿ’, ಆಮೇಲೆ ‘ಸಿಎಚ್‌ಮಾಡ್ 600’ ಕೊಟ್ಟ ಮೇಲೆಯೇ ಬಾಗಿಲು ತೆಗೆದದ್ದು.