ಮಕ್ಕಳ ಮೊಣಕೈ ಬಿರುಕಿಗೆ ನಾನು ಸ್ಲ್ಯಾಬ್ ಕಟ್ಟುವ ಬಗೆ

ಅಂಗೈ ಊರಿ ಬಿದ್ದ ಐದರಿಂದ ಏಳು ವರ್ಷದ ಮಕ್ಕಳಲ್ಲಿ ನಾನು ಹೆಚ್ಚಾಗಿ ನೋಡುವುದು ಮೊಣಕೈಗಿಂತ ತುಸು ಮೇಲೆ, ತೋಳಿನ ಮೂಳೆಯಲ್ಲಿ ಬಿಡುವ ಬಿರುಕು. ಮೂಳೆ ಜರುಗಿರದಿದ್ದರೆ ಆಪರೇಷನ್ ಬೇಕಿಲ್ಲ, ಸ್ಲ್ಯಾಬ್ (ಕೈಯ ಹಿಂಬದಿಗೆ ಇಟ್ಟು ಬ್ಯಾಂಡೇಜಿನಿಂದ ಕಟ್ಟುವ ಪ್ಲಾಸ್ಟರ್ ಪಟ್ಟಿ) ಸಾಕು.

ಎಕ್ಸ್‌ರೇಗೆ ಕಳಿಸುವ ಮೊದಲೇ ಮಣಿಕಟ್ಟಿನ ನಾಡಿ ನೋಡುತ್ತೇನೆ. ಹೆಬ್ಬೆರಳು ಎತ್ತಿಸುತ್ತೇನೆ, ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿಸುತ್ತೇನೆ, ಬೆರಳುಗಳನ್ನು ಅಗಲಿಸಲು ಹೇಳುತ್ತೇನೆ. ಮೂರು ನರಗಳಿಗೆ ಈ ಮೂರು ಪರೀಕ್ಷೆ. ಕಂಡದ್ದನ್ನು ಆಗಲೇ ಬರೆದಿಡಬೇಕು. ಕಟ್ಟಿದ ಮೇಲೆ ಬೆರಳು ಆಡದಿದ್ದರೆ ಹೋಲಿಸಲು ಬೇರೆ ಆಧಾರವಿರುವುದಿಲ್ಲ.

ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಬಿರುಕಿನ ಗೆರೆ ಕಾಣದೇ ಇರಬಹುದು. ಮೂಳೆಯ ಹಿಂದೆ ಕೊಬ್ಬಿನ ಕಪ್ಪು ನೆರಳು ಎದ್ದು ಕಂಡರೆ ಕೀಲಿನೊಳಗೆ ರಕ್ತ ತುಂಬಿದೆ. ಬಿರುಕು ಇದೆಯೆಂದೇ ತಿಳಿದು ಕಟ್ಟುತ್ತೇನೆ. ನೋವು ಹೊರಬದಿಯಲ್ಲಷ್ಟೇ ಇದ್ದರೆ ಓರೆಯಾಗಿ ಇನ್ನೊಂದು ಎಕ್ಸ್‌ರೇ. ಅಲ್ಲಿನ ಮುರಿತ ಕೀಲಿನೊಳಕ್ಕೆ ಇಳಿಯುತ್ತದೆ. 2 ಮಿ.ಮೀ. ಮೀರಿ ಸರಿದಿದ್ದರೆ ಸ್ಲ್ಯಾಬ್ ಸಾಲದು. ಸರಿಯದೇ ಇದ್ದದ್ದು ಸ್ಲ್ಯಾಬ್‌ನೊಳಗೇ ಸರಿಯುವುದೂ ಉಂಟು.

ಮೊದಲು ಮೊಣಕೈ ಮಡಚಿ ಹಿಡಿದು ಆಮೇಲೆ ಹತ್ತಿ ಸುತ್ತಬೇಕು. ನೇರ ಕೈಗೆ ಸುತ್ತಿ ನಂತರ ಮಡಚಿದರೆ ಹತ್ತಿ ಮಡಿಕೆಯಲ್ಲಿ ಮುದುಡಿ ರಕ್ತನಾಳದ ಮೇಲೇ ಒತ್ತುತ್ತದೆ. ಮೊಣಕೈ ತುದಿಗೆ ಹತ್ತಿ ತುಸು ಹೆಚ್ಚಿರಲಿ. ಪ್ಲಾಸ್ಟರ್ 8–10 ಪದರ, ಕಂಕುಳಿನ ಕೆಳಗಿನಿಂದ ಬೆರಳ ಗೆಣ್ಣಿನ ಹಿಂದಿನವರೆಗೆ, ಹಿಂಬದಿಗೆ ಮಾತ್ರ. ಬಾವು ಏರುವ ದಿನಗಳಲ್ಲಿ ಸುತ್ತಲೂ ಪ್ಲಾಸ್ಟರ್ ಹಾಕುವುದಿಲ್ಲ. ಅದ್ದುವ ನೀರು ಬಿಸಿಯಿರಬಾರದು. ಪ್ಲಾಸ್ಟರ್ ಗಟ್ಟಿಯಾಗುವಾಗ ತಾನೇ ಕಾಯುತ್ತದೆ, ಎರಡೂ ಸೇರಿದರೆ ಚರ್ಮ ಸುಡುತ್ತದೆ. ಮಡಿಕೆ 90 ಡಿಗ್ರಿ ದಾಟಕೂಡದು. ಬಾವಿದ್ದರೆ ಅದಕ್ಕೂ ಕಡಿಮೆ.

ನೋವಿಗೆ ಪ್ಯಾರಾಸಿಟಮಾಲ್, ಪ್ರತಿ ಕೆ.ಜಿ. ತೂಕಕ್ಕೆ 15 ಮಿ.ಗ್ರಾಂ, ಆರು ಗಂಟೆಗೊಮ್ಮೆ. ಔಷಧ ಕೊಟ್ಟರೂ ನೋವು ಏರುತ್ತಿದ್ದರೆ, ಬೆರಳನ್ನು ಮೆಲ್ಲಗೆ ನೀಡಿದರೂ ಮಗು ಚೀರಿದರೆ ರಾತ್ರಿಯಾದರೂ ಸರಿ, ತಕ್ಷಣ ಕರೆತರಬೇಕು. ನಾಡಿ ಸಿಗುತ್ತಿದೆ ಎಂದು ಕಾಯಲೇಬಾರದು: ಸ್ನಾಯುಗಳ ಒಳಒತ್ತಡ ಏರುವಾಗಲೂ ನಾಡಿ ಆಡುತ್ತಿರುತ್ತದೆ. ಹಾಗೆ ಬಂದ ಮಗುವಿಗೆ ಬ್ಯಾಂಡೇಜಿನ ಜೊತೆ ಹತ್ತಿಯನ್ನೂ ಚರ್ಮ ಕಾಣುವವರೆಗೆ ಕತ್ತರಿಸಿ, ಮಡಿಕೆ ಸಡಿಲಿಸುತ್ತೇನೆ.

ವಾರಕ್ಕೆ ಮತ್ತೊಂದು ಎಕ್ಸ್‌ರೇ, ಮೂರು ವಾರಕ್ಕೆ ಸ್ಲ್ಯಾಬ್ ಬಿಚ್ಚುವುದು. ಹೊರಬದಿಯ ಮುರಿತಕ್ಕೆ ಇನ್ನೂ ಹೆಚ್ಚು ಕಾಲ ಬೇಕು. ಬಿಚ್ಚಿದಾಗ ಕೈ ಪೂರ್ತಿ ನೀಡಲಾಗದು, ಅದು ಸಹಜ. ಮಗು ತಾನಾಗಿ ಆಡಿಸುತ್ತಾ ಕೆಲ ವಾರಗಳಲ್ಲಿ ಸಡಿಲವಾಗುತ್ತದೆ. ತಿಕ್ಕುವುದು, ಜಗ್ಗುವುದು ಬೇಡ. ಹಾಗೆ ಮಾಡಿದರೆ ಸ್ನಾಯುವಿನೊಳಗೆ ಮೂಳೆ ಬೆಳೆದು ಕೀಲು ಬಿಗಿದುಬಿಡಬಹುದು.