ಲೋಗೋ, ವೆಬ್‌ಸೈಟ್ ಚೆಂದ ಕಾಣಬೇಕೆ? ಮೊದಲು ಚಿಕ್ಕದು ಮಾಡಿ ನೋಡಿ

ರಸ್ತೆಯ ಆಚೆ ಬದಿಯಲ್ಲಿ ಸ್ಟೇಟ್ ಬ್ಯಾಂಕಿನ ಎಟಿಎಂ ಇದ್ದರೆ ಬೋರ್ಡ್ ಓದುವ ಮೊದಲೇ ಗುರುತು ಸಿಗುತ್ತದೆ. ನೀಲಿ ವೃತ್ತ, ನಡುವೆ ಸಣ್ಣದೊಂದು ದುಂಡು ಜಾಗ, ಅಲ್ಲಿಂದ ಕೆಳಕ್ಕೆ ಒಂದು ಸೀಳು. ಅಷ್ಟೇ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಶೇಖರ್ ಕಾಮತ್ 1971ರಲ್ಲಿ ಮಾಡಿಕೊಟ್ಟ ಲೋಗೋ ಅದು. ಇವತ್ತಿಗೂ ಆಕಾರ ಹಾಗೇ ಉಳಿದಿದೆ.

ಕೆಲಸ ಜಾಸ್ತಿ ಇದ್ದಷ್ಟೂ ಲೋಗೋ ಚೆಂದ ಎಂದು ತುಂಬ ಜನ ನಂಬಿದ್ದಾರೆ. ಚಿಕ್ಕದು ಮಾಡಿದಾಗಲೂ ಕೆಡದೇ ಇರುವುದೇ ನಿಜವಾಗಿ ಚೆಂದದ ಲೋಗೋ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ವೆಬ್‌ಸೈಟಿಗೂ ಇದೇ ಮಾತು. ಅಗ್ಗದ ಫೋನಿನಲ್ಲಿ, ಬಿಸಿಲಲ್ಲಿ ನಿಂತು ನೋಡಿದರೂ ಕಣ್ಣಿಗೆ ಹಿತವಾಗಿರಬೇಕು, ಬಂದ ಕೆಲಸ ಮುಗಿಯಬೇಕು.

ಮನೆಯಲ್ಲೇ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಮಾರುವ ಒಂದು ಪುಟ್ಟ ಅಂಗಡಿ ನಿಮ್ಮದು ಅಂದುಕೊಳ್ಳಿ. ಅದಕ್ಕೊಂದು ಲೋಗೋ, ಒಂದು ವೆಬ್‌ಸೈಟ್ ಬೇಕು. ಹೀಗೆ ಶುರು ಮಾಡಿ.

ಮೊದಲು ಪೆನ್ಸಿಲ್, ಬಿಳಿ ಹಾಳೆ

ಕಂಪ್ಯೂಟರ್ ಆಮೇಲೆ. ಮೊದಲು ಹಾಳೆಯ ಮೇಲೆ ಮನಸ್ಸಿಗೆ ಬಂದದ್ದನ್ನೆಲ್ಲ ಗೀಚಿ. ಒಲೆ, ಬಾಣಲೆ, ಬಾಳೆಲೆ, ಅಜ್ಜಿಯ ಮುಖ, ಚಕ್ಕುಲಿ ಒರಳು, ಎಲ್ಲ ಬರಲಿ. ಆಮೇಲೆ ಒಂದನ್ನು ಮಾತ್ರ ಉಳಿಸಿಕೊಳ್ಳಿ. ಚಕ್ಕುಲಿಯ ಸುತ್ತು ಒಂದೇ ಸಾಕು. ಅದನ್ನು ಯಾರು ನೋಡಿದರೂ ಗೊತ್ತಾಗುತ್ತದೆ, ಬರೆಯುವುದೂ ಸುಲಭ.

ಬಣ್ಣ ಈಗಲೇ ಹಾಕಬೇಡಿ. ಕಪ್ಪು ಬಿಳುಪಿನಲ್ಲೇ ನಿಲ್ಲುವಂತಿರಲಿ. ಯಾಕೆಂದರೆ ಈ ಲೋಗೋ ರಬ್ಬರ್ ಸ್ಟ್ಯಾಂಪಿಗೆ ಹೋಗುತ್ತದೆ, ಒಂದೇ ಬಣ್ಣದಲ್ಲಿ ಅಚ್ಚಾಗುವ ಬಟ್ಟೆ ಚೀಲಕ್ಕೆ ಹೋಗುತ್ತದೆ, ಬಿಲ್ ಪ್ರಿಂಟರಿಗೂ ಹೋಗುತ್ತದೆ. ಬಣ್ಣದಿಂದ ಬಣ್ಣಕ್ಕೆ ಜಾರುವ ಛಾಯೆಗಳು ಅಲ್ಲೆಲ್ಲ ಕಲೆಯಂತೆ ಕಾಣುತ್ತವೆ.

ಕನ್ನಡ ಅಕ್ಷರಕ್ಕೆ ಅದರದೇ ಜಾಗ ಕೊಡಿ

ಕನ್ನಡದ ಲೋಗೋಗಳು ಜಾಸ್ತಿ ಸೋಲುವುದು ಇಲ್ಲೇ. ಇಂಗ್ಲಿಷಿನ ದೊಡ್ಡಕ್ಷರಗಳು ಎರಡು ಗೆರೆಗಳ ನಡುವೆ ಸುಮ್ನೆ ಕೂರುತ್ತವೆ. ನಮ್ಮ ಅಕ್ಷರಗಳು ಮೇಲಕ್ಕೂ ಹೋಗುತ್ತವೆ, ಕೆಳಕ್ಕೂ ಇಳಿಯುತ್ತವೆ. 'ನಿಪ್ಪಟ್ಟು' ಎಂದು ಬರೆದು ನೋಡಿ. ಮೇಲೆ ಗುಡಿಸು, ಕೆಳಗೆ ಎರಡು ಒತ್ತು. ಹೆಸರಿನ ಸುತ್ತ ಬಿಗಿಯಾಗಿ ಚೌಕ ಹಾಕಿದರೆ ಒತ್ತುಗಳು ಚೌಕಕ್ಕೆ ತಾಗುತ್ತವೆ. ಅದನ್ನು ತಪ್ಪಿಸಲು ಅಕ್ಷರವನ್ನು ಕುಗ್ಗಿಸಿದರೆ ಇಡೀ ಹೆಸರು ಸೊರಗುತ್ತದೆ. ಆದ್ದರಿಂದ ಹೆಸರನ್ನು ಮೊದಲು ಬರೆಯಿರಿ, ಚೌಕ ಬೇಕೋ ಬೇಡವೋ ಆಮೇಲೆ ನೋಡಿ.

ಇನ್ನೂ ಹತ್ತಿರದಿಂದ ನೋಡೋಣ. 'ದ' ಮತ್ತು 'ಧ' ನಡುವಿನ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು. 'ಬ' ಮತ್ತು 'ಭ', 'ಪ' ಮತ್ತು 'ಫ' ಕೂಡ ಹಾಗೇ. ತುಂಬ ದಪ್ಪ ಫಾಂಟ್ ಆರಿಸಿ ಚಿಕ್ಕದು ಮಾಡಿದರೆ ಆ ಸೀಳು ಮುಚ್ಚಿಹೋಗುತ್ತದೆ. 'ಧಾನ್ಯ' ಹೋಗಿ 'ದಾನ್ಯ' ಆಗುತ್ತದೆ. ಹೆಸರಲ್ಲಿ ಮಹಾಪ್ರಾಣ ಇದ್ದರೆ ಆ ಸೀಳನ್ನು ಕೈಯಾರೆ ಸ್ವಲ್ಪ ಅಗಲ ಮಾಡಿಸಿ.

ಫಾಂಟ್ ಹುಡುಕಲು ಗೂಗಲ್ ಫಾಂಟ್ಸ್ ಸಾಕು. ಅಲ್ಲಿನ ಬಾಲೂ ತಮ್ಮ ದಪ್ಪಗೆ, ದುಂಡಗೆ ಇದ್ದು ತಿಂಡಿ ಅಂಗಡಿಗೆ ಚೆನ್ನಾಗಿ ಒಪ್ಪುತ್ತದೆ. ಅನೇಕ್ ಕನ್ನಡದಲ್ಲಿ ತೆಳು, ದಪ್ಪ, ಕಿರಿದು, ಅಗಲ ಎಲ್ಲ ಸಿಗುತ್ತವೆ. ಉದ್ದ ಬರಹಕ್ಕೆ ನೋಟೋ ಸಾನ್ಸ್ ಕನ್ನಡ ಒಳ್ಳೆಯದು. ಇವೆಲ್ಲ ಮುಕ್ತ ಪರವಾನಗಿಯವು. ವ್ಯಾಪಾರಕ್ಕೂ ದುಡ್ಡು ಕೊಡದೆ ಬಳಸಬಹುದು.

ಈಗ ಚಿಕ್ಕದು ಮಾಡಿ

ಲೋಗೋವನ್ನು ಒಂದು ರೂಪಾಯಿ ನಾಣ್ಯದಷ್ಟು ಮಾಡಿ, ಕೈ ಚಾಚಿ ಹಿಡಿದು ನೋಡಿ. ಆಮೇಲೆ ವಾಟ್ಸ್‌ಆ್ಯಪ್ ಡಿಪಿಗೆ ಹಾಕಿ. ಅಲ್ಲಿ ಚಿತ್ರ ದುಂಡಗೆ ಕತ್ತರಿಸಿ ಕಾಣುವುದರಿಂದ ನಾಲ್ಕು ಮೂಲೆಯಲ್ಲಿ ಇದ್ದದ್ದೆಲ್ಲ ಹೋಗುತ್ತದೆ. ಬ್ರೌಸರಿನ ಟ್ಯಾಬಿನಲ್ಲಂತೂ ಲೋಗೋಗೆ ಸಿಗುವುದು ಬರೀ 16 ಪಿಕ್ಸೆಲ್ ಅಗಲ, 16 ಪಿಕ್ಸೆಲ್ ಎತ್ತರ. ಅಷ್ಟರಲ್ಲಿ ಪೂರ್ತಿ ಹೆಸರು ಹಿಡಿಸುವುದಿಲ್ಲ. ಚಕ್ಕುಲಿ ಒಂದೇ ಇರುವ ಇನ್ನೊಂದು ರೂಪ ಮಾಡಿಟ್ಟುಕೊಳ್ಳಿ. ಅದರಲ್ಲೂ ಐದು ಸುತ್ತು ಕಲೆಸಿಹೋಗುತ್ತದೆ, ಎರಡೂವರೆ ಸುತ್ತು ನಿಲ್ಲುತ್ತದೆ.

ಬಣ್ಣಕ್ಕೂ ಲೆಕ್ಕ ಇದೆ

ಅಕ್ಷರದ ಬಣ್ಣಕ್ಕೂ ಹಿನ್ನೆಲೆಯ ಬಣ್ಣಕ್ಕೂ ಎಷ್ಟು ಅಂತರ ಇರಬೇಕು ಎಂದು ಡಬ್ಲ್ಯೂಸಿಎಜಿ ಎಂಬ, ವೆಬ್‌ಸೈಟುಗಳು ಎಲ್ಲರಿಗೂ ಬಳಸಲು ಬರುವಂತಿರಲಿ ಎಂದು ಮಾಡಿದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಎರಡು ಬಣ್ಣಗಳ ಹೊಳಪಿನ ಅನುಪಾತವೇ ಈ ಲೆಕ್ಕ: ಸಾಮಾನ್ಯ ಬರಹಕ್ಕೆ ಕನಿಷ್ಠ 4.5, ದೊಡ್ಡ ಅಕ್ಷರಕ್ಕೆ 3. ಬಿಳಿಯ ಮೇಲೆ ಕಪ್ಪಿಗೆ 21 ಬರುತ್ತದೆ, ಅದೇ ಗರಿಷ್ಠ. ಅಳೆದು ಹೇಳುವ ಉಚಿತ ಸೈಟುಗಳು ಬೇಕಾದಷ್ಟಿವೆ.

ನಮ್ಮ ಕಡೆ ಎಲ್ಲರಿಗೂ ಪ್ರಿಯವಾದ ಹಳದಿ, ಕೆಂಪನ್ನೇ ತೆಗೆದುಕೊಳ್ಳಿ. ಅಚ್ಚ ಹಳದಿಯ ಮೇಲೆ ಅಚ್ಚ ಕೆಂಪು ಬರೆದರೆ ಸುಮಾರು 3.7 ಬರುತ್ತದೆ. ಬೋರ್ಡಿನ ದೊಡ್ಡ ಹೆಸರಿಗೆ ಪರವಾಗಿಲ್ಲ, ರೇಟ್ ಪಟ್ಟಿಗೆ ಸಾಲದು. ಕೆಂಪನ್ನು ಕಡುಗೆಂಪು ಮಾಡಿದರೆ ಅದೇ ಜೋಡಿ 9ರ ಆಸುಪಾಸಿಗೆ ಏರುತ್ತದೆ. ಬಿಳಿಯ ಮೇಲೆ ಹಳದಿ ಅಕ್ಷರ ಮಾತ್ರ ಬೇಡವೇ ಬೇಡ. ಅದಕ್ಕೆ ಬರುವುದು 1.07. ಕಣ್ಣಿಗೆ ಏನೂ ಕಾಣುವುದಿಲ್ಲ.

ಬಣ್ಣ ಎರಡು ಸಾಕು, ಮೂರನೆಯದು ತೀರಾ ಬೇಕಿದ್ದರೆ ಮಾತ್ರ.

ಲೋಗೋ ಮಾಡಿಕೊಟ್ಟವರಿಂದ ಎಸ್‌ವಿಜಿ ಫೈಲ್ ಕೇಳಿ ಪಡೆಯಿರಿ. ಅದನ್ನು ಫ್ಲೆಕ್ಸಿನಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಬರೀ ಜೆಪಿಜಿ ಕೊಟ್ಟರೆ ಒಪ್ಪಬೇಡಿ. ಟ್ರೇಡ್‌ಮಾರ್ಕ್ ಮಾಡಿಸುವುದಿದ್ದರೆ ಅರ್ಜಿಯನ್ನು ಆನ್‌ಲೈನಿನಲ್ಲೇ ಹಾಕಬಹುದು. ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ದಿಮೆಗೆ ಒಂದು ವರ್ಗಕ್ಕೆ, ಅಂದರೆ ಒಂದು ಬಗೆಯ ಸರಕು ಅಥವಾ ಸೇವೆಗೆ, 4,500 ರೂಪಾಯಿ ಶುಲ್ಕ. ನೋಂದಣಿ 10 ವರ್ಷ ಇರುತ್ತದೆ, ಆಮೇಲೆ ನವೀಕರಿಸಬಹುದು.

ವೆಬ್‌ಸೈಟ್: ಮುಟ್ಟಿದರೆ ಓಗೊಡಬೇಕು

ಮೊದಲ ಪರದೆಯಲ್ಲಿ ಮೂರೇ ಇರಲಿ. ಏನು ಮಾರುತ್ತೀರಿ, ಅದರ ಒಂದು ಒಳ್ಳೆಯ ಫೋಟೋ, ಆರ್ಡರ್ ಮಾಡುವ ಗುಂಡಿ. ಫೋಟೋವನ್ನು ಹಗಲಲ್ಲಿ ಕಿಟಕಿ ಪಕ್ಕ ಇಟ್ಟು ತೆಗೆಯಿರಿ. ಬದಿಯಿಂದ ಬರುವ ಬೆಳಕಿಗೆ ಚಕ್ಕುಲಿಯ ಮುಳ್ಳುಮುಳ್ಳು ಅಂಚು ಎದ್ದು ಕಾಣುತ್ತದೆ. ಫ್ಲ್ಯಾಶ್ ಹಾಕಿದರೆ ಎಣ್ಣೆ ಮಾತ್ರ ಹೊಳೆಯುತ್ತದೆ.

ಕನ್ನಡ ಬರಹದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಿ. ಅಕ್ಷರದ ಗಾತ್ರದ 1.7ರಷ್ಟು ಸಾಲಿನ ಎತ್ತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಗುದ್ದುವುದಿಲ್ಲ. ರೇಟ್ ಪಟ್ಟಿಯನ್ನು ಫೋಟೋ ಮಾಡಿ ಹಾಕಬೇಡಿ, ಯೂನಿಕೋಡಿನಲ್ಲಿ ಟೈಪ್ ಮಾಡಿ. ಆಗ ಹುಡುಕಿದರೆ ಸಿಗುತ್ತದೆ, ಕಣ್ಣು ಕಾಣದವರ ಫೋನ್ ಅದನ್ನು ಓದಿಯೂ ಹೇಳುತ್ತದೆ.

ಗುಂಡಿ ಒತ್ತಿದ್ದು ಗೊತ್ತಾಗದಿದ್ದರೆ ಜನ ಮತ್ತೆ ಮತ್ತೆ ಒತ್ತುತ್ತಾರೆ, ಅಲ್ವಾ? 0.1 ಸೆಕೆಂಡಿನೊಳಗೆ ಏನಾದರೂ ಬದಲಾದರೆ ತಕ್ಷಣ ಆಯಿತು ಎಂದೇ ಮನಸ್ಸಿಗೆ ಅನಿಸುತ್ತದೆ. ಆದ್ದರಿಂದ ಒತ್ತಿದ ಕೂಡಲೇ ಗುಂಡಿಯ ಬಣ್ಣ ಸ್ವಲ್ಪ ಗಾಢವಾಗಲಿ, 'ಬುಟ್ಟಿಗೆ ಸೇರಿತು' ಎಂದು ಬರಲಿ. ಗುಂಡಿಯ ಉದ್ದ ಅಗಲ 44 ಪಿಕ್ಸೆಲ್‌ಗಿಂತ ಕಡಿಮೆ ಬೇಡ. ಹೆಬ್ಬೆರಳಿಗೆ ಅಷ್ಟು ಜಾಗ ಬೇಕೇ ಬೇಕು.

ಚಲನೆಯಲ್ಲಿ ಮಿತಿ ಇರಲಿ. ಕಾಲು ಸೆಕೆಂಡಿನಲ್ಲಿ ಮುಗಿಯುವ ಚಲನೆ ಹಿತವಾಗಿರುತ್ತದೆ. ತಾನಾಗಿ ಓಡುವ ಚಿತ್ರಗಳ ಸಾಲು ಓದುತ್ತಿರುವವರ ಕಣ್ಣನ್ನು ಎಳೆಯುತ್ತದೆ, ಅದು ನನಗಂತೂ ಬೇಡ. ಚಲನೆ ಕಂಡರೆ ತಲೆ ಸುತ್ತುವವರು ಫೋನಿನಲ್ಲಿ ಅದನ್ನು ಕಡಿಮೆ ಮಾಡಿಟ್ಟಿರುತ್ತಾರೆ. ಸೈಟ್ ಆ ಸೆಟ್ಟಿಂಗನ್ನು ಪಾಲಿಸುವಂತೆ ಮಾಡಿಸಿ.

ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟಿರುವ ಗುರಿ. ಪ್ರತಿ ಚಿತ್ರದ ಉದ್ದ ಅಗಲವನ್ನು ಕೋಡಿನಲ್ಲಿ ಮೊದಲೇ ಬರೆಸಿ. ಇಲ್ಲದಿದ್ದರೆ ಚಿತ್ರ ತಡವಾಗಿ ಬಂದು ಪುಟ ಕೆಳಕ್ಕೆ ಜರುಗುತ್ತದೆ, ಕೋಡುಬಳೆ ಒತ್ತಲು ಹೋದವರ ಬೆರಳು ನಿಪ್ಪಟ್ಟಿನ ಮೇಲೆ ಬೀಳುತ್ತದೆ.

ಕೊನೆಗೆ, ಸೈಟನ್ನು ಮೊದಲು ನೋಡದೇ ಇರುವ ಪಕ್ಕದ ಮನೆಯವರ ಕೈಗೆ ಫೋನ್ ಕೊಡಿ. 'ಅರ್ಧ ಕೆಜಿ ಕೋಡುಬಳೆ ಆರ್ಡರ್ ಮಾಡಿ ನೋಡಿ ಅಕ್ಕಾ' ಅನ್ನಿ. ಪಕ್ಕದಲ್ಲಿ ಕೂತು ಏನೂ ಹೇಳಿಕೊಡಬೇಡಿ. ಅವರ ಬೆರಳು ಎಲ್ಲಿ ನಿಂತು ಯೋಚಿಸುತ್ತದೋ ಆ ಜಾಗವನ್ನು ಬರೆದಿಟ್ಟುಕೊಂಡು, ಮೊದಲು ಅದನ್ನು ಸರಿ ಮಾಡಿಸಿ.