ಗೋಣಿಯ ನೇಯ್ಗೆ ಕಾಗದದ ಮೇಲೆ ಮೂಡಬೇಕಾದರೆ

ಬಟ್ಟೆಯನ್ನು ರಟ್ಟಿಗೆ ಅಂಟಿಸಿ, ಶಾಯಿ ಹಚ್ಚಿ, ಕಾಗದಕ್ಕೆ ಒತ್ತಿ ತೆಗೆಯುವ ಅಚ್ಚು ಇದು. ಇದಕ್ಕೆ ಬಟ್ಟೆ ಆರಿಸುವಾಗ ಕಣ್ಣು ಮುಚ್ಚಿ ಬೆರಳಾಡಿಸಿ. ಬಟ್ಟೆಯ ಬಣ್ಣ, ಹೂಬಳ್ಳಿ ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ಬೆರಳಿಗೆ ತಾಗುವ ಉಬ್ಬುತಗ್ಗು ಮಾತ್ರ ಕಾಗದಕ್ಕೆ ಇಳಿಯುತ್ತದೆ. ಮಣ್ಣು, ಸಿಮೆಂಟಿನಲ್ಲಿ ಶಿಲ್ಪ ಮಾಡುವ ನನ್ನನ್ನು ಈ ಕೆಲಸಕ್ಕೆ ಎಳೆದದ್ದೂ ಅದೇ.

ಕೊಡಗಿನಲ್ಲಿ ಇಂಥ ಬಟ್ಟೆಗೆ ಬರವಿಲ್ಲ. ನರ್ಸರಿಯ ನೆರಳು ಬಲೆ, ಹಳೇ ಲೇಸು, ಬ್ಯಾಂಡೇಜ್ ಬಟ್ಟೆ ಎಲ್ಲವೂ ಆಗುತ್ತವೆ. ನನಗೆ ಹೆಚ್ಚು ಇಷ್ಟ ಕಾಫಿ ತುಂಬಿದ ಗೋಣಿ, ಅದರಲ್ಲೂ ದಬ್ಬಣದಲ್ಲಿ ತೇಪೆ ಹಾಕಿದ್ದು. ಆ ಹೊಲಿಗೆಯ ಒಂದೊಂದು ಗಂಟೂ ಅಚ್ಚಿನಲ್ಲಿ ಬರುತ್ತದೆ.

2–3 ಮಿ.ಮೀ. ದಪ್ಪದ ರಟ್ಟು ತೆಗೆದುಕೊಳ್ಳಿ. ಗೋಣಿಯ ಒಂದೆರಡು ಎಳೆ ಕಿತ್ತು, ಕೆಲವು ಕಡೆ ಸಂದು ಅಗಲಿಸಿ. ಮಡಿಕೆ ದಪ್ಪವಾಗದಿರಲಿ, ಕಾಗದ ಹರಿಯುತ್ತದೆ. ಫೆವಿಕಾಲ್ ತೆಳ್ಳಗೆ ಸವರಿ ಅಂಟಿಸಿ, ರಾತ್ರಿಯಿಡೀ ಭಾರ ಹೇರಿ. ಅಂಟು ಜಾಸ್ತಿಯಾದರೆ ನೇಯ್ಗೆಯೇ ಮುಚ್ಚಿಹೋಗುತ್ತದೆ.

ಆಮೇಲೆ ರಟ್ಟು ನೀರು, ಶಾಯಿ ಹೀರದಂತೆ ಬಡಗಿಗಳು ಬಳಸುವ ಫ್ರೆಂಚ್ ಪಾಲಿಷನ್ನು ಎರಡೂ ಬದಿಗೆ, ಅಂಚಿಗೂ ಬಳಿಯಿರಿ. ನಮ್ಮ ಮಳೆಗಾಲದಲ್ಲಿ ಇದೇ ತಲೆನೋವು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಪಾಲಿಷ್ ಹಾಲಿನಂತೆ ಬೆಳ್ಳಗಾಗುತ್ತದೆ. ಬಿಸಿಲು ಬಿದ್ದ ದಿನ ಕಾಯಿರಿ. ಒಲೆ ಪಕ್ಕ ಮಾತ್ರ ಒಣಗಿಸಬೇಡಿ, ಅದರಲ್ಲಿರುವ ಸ್ಪಿರಿಟ್‌ಗೆ ಬೆಂಕಿ ಹತ್ತುತ್ತದೆ.

ಶಾಯಿಗೆ ಮೊದಲು ಖಾಲಿ ಅಚ್ಚು ಒಂದನ್ನು ತೆಗೆಯಲೇಬೇಕು. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿ ಕಾಗದವನ್ನು ಅರ್ಧ ಗಂಟೆ ನೆನೆಸಿ, ಟವೆಲಿನಲ್ಲಿ ಒತ್ತಿ ನೀರು ತೆಗೆದು, ರಟ್ಟಿನ ಮೇಲಿಟ್ಟು, ಫೆಲ್ಟ್ (ದಪ್ಪ ಉಣ್ಣೆ ಬಟ್ಟೆ) ಹೊದಿಸಿ, ಉರುಳೆಗಳ ನಡುವೆ ಒತ್ತುವ ಅಚ್ಚಿನ ಪ್ರೆಸ್ಸಿನಲ್ಲಿ ಎಳೆಯಿರಿ. ಕಿಟಕಿಯ ಓರೆ ಬೆಳಕಿಗೆ ಹಿಡಿದು ನೋಡಿ. ಗೋಣಿಯ ಎಳೆ ಇಲ್ಲಿ ತಗ್ಗು, ಸಂದು ಉಬ್ಬು. ಇದು ಕಾಗದದಲ್ಲಿ ತೆಗೆದ ಎರಕವೇ ಅಲ್ವಾ! ಎಲ್ಲಿ ಆಳ ಸಾಲದು ಅಂತ ಶಾಯಿ ಹಚ್ಚುವ ಮೊದಲೇ ಗೊತ್ತಾಗುತ್ತದೆ.

ಇನ್ನು ಶಾಯಿ. ಎಚಿಂಗ್ ಶಾಯಿಯನ್ನು (ತಗಡಿನಿಂದ ಅಚ್ಚು ತೆಗೆಯಲು ಬಳಸುವ ಗಟ್ಟಿ ಶಾಯಿ) ಹಳೇ ಟೂತ್‌ಬ್ರಷ್‌ನಿಂದ ಸಂದಿಗೆ ತುಂಬಿ, ಮೇಲ್ಮೈ ಒರೆಸಿದರೆ ಸಂದು ಕಪ್ಪಾಗಿ, ಎಳೆ ತಿಳಿಯಾಗಿ ಬರುತ್ತದೆ. ರೋಲರ್ ಹೊಡೆದರೆ ಇದರ ಉಲ್ಟಾ. ಪ್ರೆಸ್ ಇಲ್ಲದವರು ರೋಲರ್ ಹೊಡೆದು, ತೆಳು ಕಾಗದ ಹಾಕಿ, ಚಮಚದ ಬೆನ್ನಿನಲ್ಲಿ ಉಜ್ಜಬಹುದು.

ಅಚ್ಚು ಕಲಾವಿದರೂ ಶಿಲ್ಪಿಯೂ ಆಗಿದ್ದ ಕೃಷ್ಣ ರೆಡ್ಡಿ (1925–2018) ಪ್ಯಾರಿಸ್ಸಿನ ಅಟೆಲಿಯೇ 17 ಎಂಬ ಅಚ್ಚು ಕಲೆಯ ಸ್ಟುಡಿಯೋದಲ್ಲಿ ಒಂದೇ ತಗಡಿನಿಂದ ಹಲವು ಬಣ್ಣ ತೆಗೆಯುವ ದಾರಿ ಬೆಳೆಸಿದರು. ಎಣ್ಣೆ ಹೆಚ್ಚಿರುವ ಶಾಯಿಯನ್ನು ಗಟ್ಟಿ ರೋಲರಿನಲ್ಲಿ ಉಬ್ಬಿಗೆ, ಎಣ್ಣೆ ಕಡಿಮೆಯಿರುವ ಗಟ್ಟಿ ಶಾಯಿಯನ್ನು ಮೆತ್ತನೆ ರೋಲರಿನಲ್ಲಿ ತಗ್ಗಿಗೆ. ಎರಡೂ ಬೆರೆಯುವುದಿಲ್ಲ. ಗೋಣಿಯ ಮೇಲೂ ಪ್ರಯತ್ನಿಸಿ, ಆಳ ಬೇಕಾದಷ್ಟಿದೆ.

ಒತ್ತಿದಷ್ಟೂ ಗೋಣಿ ಚಪ್ಪಟೆಯಾಗುತ್ತದೆ. ಹಾಗಾಗಿ ಒಳ್ಳೆಯ ಕಾಗದವನ್ನು ಮೊದಮೊದಲೇ ಬಳಸಿ. ತೆಗೆದ ಅಚ್ಚನ್ನು ಬ್ಲಾಟಿಂಗ್ ಹಾಳೆಗಳ ನಡುವೆ ಇಟ್ಟು, ಹಾಳೆಗಳನ್ನು ದಿನಾ ಬದಲಿಸಿ. ಇಲ್ಲದಿದ್ದರೆ ಜುಲೈ ತಿಂಗಳಲ್ಲಿ ಬೂಷ್ಟು ಹಿಡಿಯುತ್ತದೆ.